ಊರೊಳಗಿನ ಹೊಳೆದಂಡೆಯ ದಾರಿ: ಮೊದಲು ನಡೆಯೋದಾ, ಸೈಕಲ್ ತುಳಿಯೋದಾ?

ಹೊಳೆಬದಿ:
ಊರ ನಡುವೆ ನದಿ ಇದ್ದು, ಅದರ ದಂಡೆಗುಂಟ ನಡೆಯುವವರಿಗೂ ಸೈಕಲ್‌ನವರಿಗೂ ದಾರಿ ಮಾಡಿದ್ದರೆ, ಆ ಊರಿನಲ್ಲಿ ಬೇರೆ ಏನು ನೋಡುವ ಮೊದಲೂ ಅಲ್ಲಿಗೆ ಹೋಗಬೇಕು ಅನ್ನುವವನು ನಾನು. ಮುಖ್ಯರಸ್ತೆಯಲ್ಲಿ ಊರು ತನ್ನ ಅಂಗಳ ತೋರಿಸಿದರೆ ನದಿಯ ಕಡೆ ಹಿತ್ತಲು ತೋರಿಸುತ್ತದೆ. ಹಳೇ ಕಾರ್ಖಾನೆಗಳ ಹಿಂಗೋಡೆ, ರೈಲು ಸೇತುವೆಯ ಬುಡ, ಚರಂಡಿ ಬಂದು ಸೇರುವ ಕೊಳವೆಯ ಬಾಯಿ, ಗಾಳ ಹಾಕಿ ಕೂತವರು, ಎಲ್ಲ ಅಲ್ಲೇ.

ಪ್ರಶ್ನೆ ಇದು. ದಾರಿ ಹತ್ತು ಹನ್ನೆರಡು ಕಿಲೋಮೀಟರ್ ಇದೆ, ಕೈಯಲ್ಲಿ ಒಂದು ದಿನ ಇದೆ ಅಂತಿಟ್ಟುಕೊಳ್ಳಿ. ಹೊಸಬರು ಅದನ್ನು ನಡೆದು ನೋಡಬೇಕಾ, ಸೈಕಲ್ ಮೇಲೆ ನೋಡಬೇಕಾ? ಹೊರಡುವ ಮೊದಲು ಏನು ತಿಳಿದಿರಬೇಕು? ಬರೀ "ನೀರಿನ ಬಾಟಲಿ ಇಟ್ಟುಕೊಳ್ಳಿ" ಅನ್ನುವ ಥರದ ಸಲಹೆ ಬೇಡ, ಅದು ಎಲ್ಲರಿಗೂ ಗೊತ್ತು. ನದಿಯ ಪಕ್ಕದ ದಾರಿಗೇ ಸಂಬಂಧಪಟ್ಟದ್ದನ್ನು ಹೇಳಿ.

ನಿಧಾನಗತಿ:
ನಡೆದೇ ನೋಡಿ, ಸಂದೇಹವೇ ಬೇಡ. ಪೂರ್ತಿ ಮುಗಿಸಲೇಬೇಕು ಅನ್ನುವ ಹಟ ಬಿಡಿ. ಒಂದು ಸೇತುವೆಯಿಂದ ಇನ್ನೊಂದು ಸೇತುವೆವರೆಗೆ ಅಂತ ಲೆಕ್ಕ ಹಾಕಿ. ಈ ದಂಡೆಯಲ್ಲಿ ಹೋಗಿ, ಸೇತುವೆ ದಾಟಿ, ಆ ದಂಡೆಯಲ್ಲಿ ವಾಪಸ್ ಬನ್ನಿ. ಹೋದ ದಾರಿಯಲ್ಲೇ ತಿರುಗಿ ಬರುವ ಬೇಸರ ಇರುವುದಿಲ್ಲ, ಆಗಲೇ ನೋಡಿದ ದಂಡೆ ಈಚೆಯಿಂದ ಬೇರೆಯೇ ಆಗಿ ಕಾಣುತ್ತದೆ.

ನಕ್ಷೆಯಲ್ಲಿ ಎಡದಂಡೆ, ಬಲದಂಡೆ ಅಂತ ಬರೆದಿದ್ದರೆ, ನೀರು ಹರಿದು ಹೋಗುವ ಕಡೆ ಮುಖ ಮಾಡಿ ನಿಂತಾಗಿನ ಎಡ, ಬಲ ಅಂತ ಅರ್ಥ. ನೀವು ಹರಿವಿಗೆ ಎದುರಾಗಿ ನಡೆಯುತ್ತಿದ್ದರೆ ಎಡದಂಡೆ ನಿಮ್ಮ ಬಲಗೈ ಕಡೆ ಇರುತ್ತದೆ. "ಎಡದಂಡೆಯ ದಾರಿ ಮುಚ್ಚಿದೆ" ಅನ್ನುವ ಫಲಕ ಓದುವಾಗ ಇದು ಬೇಕಾಗುತ್ತದೆ.

ಇನ್ನು ತಿರುವುಗಳನ್ನು ಗಮನಿಸಿ. ನದಿ ಬಾಗುವಲ್ಲಿ ಹೊರಮಗ್ಗುಲಲ್ಲಿ ನೀರು ರಭಸವಾಗಿ ಹೋಗಿ ದಂಡೆಯನ್ನು ಕೊರೆಯುತ್ತದೆ, ಮಡು ಅಲ್ಲೇ ಇರುವುದು. ಒಳಮಗ್ಗುಲಲ್ಲಿ ನೀರು ನಿಧಾನ, ಹೊತ್ತು ತಂದ ಮರಳನ್ನೂ ಜಲ್ಲಿಯನ್ನೂ ಅಲ್ಲಿ ಬಿಟ್ಟುಹೋಗುತ್ತದೆ. ಹೊರತಿರುವಿನಲ್ಲಿ ಎತ್ತರದ ಕಲ್ಲುಗೋಡೆ, ಒಳತಿರುವಿನಲ್ಲಿ ನೀರಿಗೆ ಮೆಲ್ಲಗೆ ಇಳಿಯುವ ಜಾಗ ಕಂಡರೆ ಕಾರಣ ಇದು. ಕೂತು ನೋಡಲು ಒಳತಿರುವೇ ಒಳ್ಳೆಯದು. ಬಕಗಳೂ ಹಾಗೇ ಅಂದುಕೊಂಡಿರುತ್ತವೆ, ತೆಳುನೀರಿನಲ್ಲಿ ಅಲ್ಲಾಡದೆ ನಿಂತಿರುತ್ತವೆ. ಸೈಕಲ್ ಮೇಲೆ ಇದ್ಯಾವುದೂ ಕಣ್ಣಿಗೆ ಬೀಳುವುದಿಲ್ಲ.

ಎರಡುಚಕ್ರ:
ನಿಧಾನಗತಿ ಮೇಡಂ, ಕೊನೆಯ ಸಾಲು ಒಪ್ಪುವುದಿಲ್ಲ. ಸೈಕಲ್ ಅಂದರೆ ಓಟದ ಪಂದ್ಯ ಅಲ್ಲ. ಬ್ರೇಕ್ ಹಿಡಿದರೆ ನಿಲ್ಲುತ್ತದೆ, ಇಳಿದು ನೋಡಬಹುದು.

ಸೈಕಲ್ ಕೊಡುವುದು ಇನ್ನೊಂದು ಬಗೆಯ ನೋಟ, ನದಿಯ ಉದ್ದದ ನೋಟ. ಊರಿನ ಹೊರಗೆ ಪೊದೆ, ಹುಲ್ಲು ಇದ್ದ ದಂಡೆ ಯಾವಾಗ ಕಲ್ಲಿನ ಗೋಡೆಯಾಯಿತು, ಯಾವ ಉಪನದಿ ಸೇರಿದ ಮೇಲೆ ನೀರಿನ ಬಣ್ಣ ಬದಲಾಯಿತು, ಇದೆಲ್ಲ ಒಂದೇ ಬೆಳಗಿನಲ್ಲಿ ಕಾಣಬೇಕಾದರೆ ಚಕ್ರ ಬೇಕು. ವಿಯೆನ್ನಾದಲ್ಲಿ ಡ್ಯಾನ್ಯೂಬ್ ನದಿಯ ನಡುವೆ ಮಾಡಿದ ದ್ವೀಪವಿದೆ, 21 ಕಿಲೋಮೀಟರ್ ಉದ್ದ. ನೆರೆ ನೀರು ಹೊರಟುಹೋಗಲಿ ಅಂತ ಪಕ್ಕದಲ್ಲಿ ಹೊಸ ಕಾಲುವೆ ತೋಡಿದಾಗ ಬಂದ ಮಣ್ಣಿನಿಂದ 1972ರಿಂದ 1988ರ ನಡುವೆ ಆದದ್ದು. ಅದನ್ನು ಈ ತುದಿಯಿಂದ ಆ ತುದಿಗೆ ನಡೆಯಲು ಹೋದರೆ ದಿನ ಪೂರ್ತಿ ಬೇಕು. ಸೈಕಲ್‌ಗೆ ಒಂದು ಹೊತ್ತು ಸಾಕು.

ಹೊರಡುವವರಿಗೆ ನನ್ನ ಮೊದಲ ಮಾತು ಗಾಳಿಯದು. ನದಿಯ ಮೇಲೆ ಗಾಳಿಗೆ ಅಡ್ಡ ಬರುವ ಕಟ್ಟಡ ಇರುವುದಿಲ್ಲ. ಎದುರುಗಾಳಿಯ ದಿಕ್ಕಿಗೆ ಮೊದಲು ಹೊರಡಿ, ದಣಿದ ಮೇಲೆ ಬೆನ್ನಗಾಳಿ ತಂದು ಬಿಡುತ್ತದೆ. ಏರು ಇಳಿತದ ಚಿಂತೆ ಬೇಡ, ಊರೊಳಗಿನ ನದಿಯ ಇಳಿಜಾರು ಕಾಲಿಗೆ ತಿಳಿಯುವಷ್ಟು ಇರುವುದೇ ಅಪರೂಪ. ಏರು ಸಿಗುವುದು ಸೇತುವೆ ಹತ್ತುವಾಗ, ಇಲ್ಲವೇ ಸೇತುವೆಯ ಕೆಳಗೆ ನುಸುಳಿ ಮತ್ತೆ ಮೇಲೆ ಬರುವಾಗ. ಆ ನುಸುಳುದಾರಿಯಲ್ಲಿ ಎದುರಿನಿಂದ ಬರುವವರು ಕಾಣುವುದಿಲ್ಲ. ಬಿಸಿಲಿನಿಂದ ನೆರಳಿಗೆ ಹೋದ ಕೂಡಲೇ ಕಣ್ಣೂ ಹೊಂದಿಕೊಂಡಿರುವುದಿಲ್ಲ. ಅಲ್ಲಿ ವೇಗ ಇಳಿಸಲೇಬೇಕು.

ಬೆಳಗಿನ ನಡಿಗೆ:
ಎರಡುಚಕ್ರ ಅವರೇ, ನೀವು ಬ್ರೇಕ್ ಹಿಡಿಯುವವರು ಇರಬಹುದು. ನನಗೆ ವಯಸ್ಸಾಗಿದೆ, ಒಂದು ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಹಿಂದಿನಿಂದ ಸದ್ದಿಲ್ಲದೆ ಬಂದು ತೋಳಿಗೆ ಸವರಿಕೊಂಡಂತೆ ಹೋಗುವವರನ್ನು ಕಂಡು ದಂಡೆಯ ಕಡೆ ಹೋಗುವುದನ್ನೇ ಬಿಟ್ಟ ನನ್ನ ವಯಸ್ಸಿನವರು ಎಷ್ಟೋ ಜನ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಗೋಡೆ. ಗಾಬರಿಯಾದರೆ ಸರಿಯುವುದೆಲ್ಲಿಗೆ? ಬೇರೆ ರಸ್ತೆಗೂ ನದಿ ದಂಡೆಗೂ ಇರುವ ವ್ಯತ್ಯಾಸ ಅದೇ.

ಸೈಕಲ್ ಮೇಲೆ ನನಗೆ ದ್ವೇಷ ಇಲ್ಲ. ಬಾಸ್ಟನ್ನಿನಲ್ಲಿ ಚಾರ್ಲ್ಸ್ ನದಿಯ ದಂಡೆಯ ಸೈಕಲ್ ದಾರಿಗೆ ಪಾಲ್ ಡಡ್ಲಿ ವೈಟ್ ಅನ್ನುವ ಹೃದಯತಜ್ಞರ ಹೆಸರಿಟ್ಟಿದ್ದಾರೆ. 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾದಾಗ ನೋಡಿಕೊಂಡ ವೈದ್ಯರು ಅವರು. ಹೃದಯದ ರೋಗಿ ಮಲಗಿಯೇ ಇರಬೇಕು ಅಂತ ಜನ ನಂಬಿದ್ದ ಕಾಲದಲ್ಲಿ ನಡೆಯಿರಿ, ಸೈಕಲ್ ತುಳಿಯಿರಿ ಅಂತ ಹೇಳಿದವರು. ಇಂಥ ದಾರಿ ಇಬ್ಬರಿಗೂ ಔಷಧಿಯೇ. ಆದರೆ ದುರ್ಬಲರಿಗೆ ಮೊದಲ ಹಕ್ಕು ಇರಲಿ.

ಎರಡುಚಕ್ರ:
ನಿಮ್ಮ ಮಾತು ಪೂರ್ತಿ ನ್ಯಾಯ ಸರ್. ನಡೆಯುವವರಿಗೆ ಗಂಟೆಗೆ ನಾಲ್ಕೈದು ಕಿಲೋಮೀಟರ್ ವೇಗ, ನಾನು ಆರಾಮಾಗಿ ತುಳಿದರೂ 15. ಮೂರು ಪಟ್ಟು ವೇಗದಲ್ಲಿ ಹಿಂದಿನಿಂದ ಬರುವವನ ಮೇಲೇ ಹೊಣೆ ಇರಬೇಕು. ದಾಟುವಾಗ ನಡಿಗೆಗಿಂತ ಸ್ವಲ್ಪ ಹೆಚ್ಚು ವೇಗ ಇದ್ದರೆ ಸಾಕು. ಜಾಗ ಇಲ್ಲದಿದ್ದರೆ ಹಿಂದೆಯೇ ಕಾಯಬೇಕು, ಇಲ್ಲವೇ ಇಳಿದು ತಳ್ಳಿಕೊಂಡು ಹೋಗಬೇಕು.

ಆದರೆ ದಾರಿ ಮಾಡುವವರ ಪಾಲೂ ಇದೆ. ಇಬ್ಬರೂ ಹಂಚಿಕೊಳ್ಳುವ ದಾರಿ 3 ಮೀಟರ್‌ಗಿಂತ ಕಿರಿದಾದರೆ ಎದುರುಬದುರು ಬಂದ ಸೈಕಲ್‌ಗಳ ನಡುವೆ ನಡೆಯುವವರು ಸಿಕ್ಕಿಕೊಳ್ಳುತ್ತಾರೆ. ಜನ ಹೆಚ್ಚಿರುವಲ್ಲಿ ಬೇರೆ ಬೇರೆ ಪಟ್ಟಿಯೇ ಬೇಕು. ಬ್ರಿಸ್ಬೇನ್‌ನ ನದಿ ಮೇಲಿನ ನಡಿಗೆದಾರಿಯಲ್ಲಿ ಸೈಕಲ್‌ಗೂ ನಡೆಯುವವರಿಗೂ ಹಾಗೆ ಬೇರೆ ಪಟ್ಟಿ ಇದೆ. ಲಂಡನ್ನಿನ ಥೇಮ್ಸ್ ದಾರಿ ಮೂಲತಃ ನಡೆಯುವವರದು, ಕೆಲವು ಭಾಗಗಳಲ್ಲಷ್ಟೇ ಸೈಕಲ್‌ಗೆ ಅನುಮತಿ. ಅಂಥ ಕಡೆ ಫಲಕ ಓದದೆ ನುಗ್ಗುವುದು ತಪ್ಪು.

ಗಾಳಿಪಟ:
ನಡುವ ಒಂದ ಮಾತ ಹೇಳ್ತೀನ್ರಿ. ಬೆಲ್ ಹೆಂಗ ಹೊಡೀಬೇಕು ಅನ್ನೂದೂ ಗೊತ್ತಿರಬೇಕು. ಹತ್ರ ಬಂದ ಮ್ಯಾಲೆ ಟ್ರಿಣ್ ಅಂದ್ರ ಮನಷ್ಯಾ ಬೆಚ್ಚಿ ಯಾವ ಕಡೆ ಹಾರ್ತಾನೋ ಹೇಳಾಕ ಬರಂಗಿಲ್ಲ. ದೂರದಾಗ ಇದ್ದಾಗನ ಒಂದ ಸಲ ಹೊಡೀರಿ, ಅವರು ತಿರುಗಿ ನೋಡೂತನ ಕಾಯ್ರಿ. ಕಿವ್ಯಾಗ ಇಯರ್‌ಫೋನ್ ಇಟ್ಕೊಂಡವರಿಗೆ ಬೆಲ್ ಕೇಳಂಗಿಲ್ಲ, ಸಣ್ಣ ಹುಡುಗರು ಕೇಳಿದ್ರೂ ಅಡ್ಡನ ಬರ್ತಾರ, ನಾಯಿ ಹಗ್ಗ ದಾರಿಗೆ ಅಡ್ಡ ಬಿದ್ದಿರತೈತಿ. ಈ ಮೂರೂ ಕಂಡ್ರ ಕಾಲ ನೆಲಕ್ಕ ಇಡ್ರಿ, ಅಷ್ಟ.

ನೀರಳತೆ:
ಎಲ್ಲರೂ ದಾರಿಯ ಬಗ್ಗೆ ಮಾತಾಡುತ್ತಿದ್ದೀರಿ, ನಾನು ನದಿಯ ಪರವಾಗಿ ಮಾತಾಡುತ್ತೇನೆ. ಜಲವಿಜ್ಞಾನ ನನ್ನ ವೃತ್ತಿ. ಹೊಳೆಬದಿ ಅವರು ಕೇಳಿದ "ಹೊರಡುವ ಮೊದಲು ಏನು ತಿಳಿದಿರಬೇಕು" ಅನ್ನುವುದಕ್ಕೆ ನನ್ನ ಉತ್ತರ: ಕೆಳಗಿನ ದಾರಿ ನದಿಯದು. ನದಿಗೆ ಬೇಡದ ದಿನಗಳಲ್ಲಿ ನಾವು ಅದನ್ನು ಬಳಸುತ್ತೇವೆ, ಅಷ್ಟೆ.

ಸಾಮಾನ್ಯವಾಗಿ ಇಂಥ ಕಡೆ ಎರಡು ಮಟ್ಟ ಇರುತ್ತವೆ. ನೀರಿನ ಪಕ್ಕದಲ್ಲೇ ಒಂದು, ತಡೆಗೋಡೆಯ ಮೇಲೆ ರಸ್ತೆಯ ಎತ್ತರದಲ್ಲಿ ಇನ್ನೊಂದು. ಕೆಳಗಿನದನ್ನು ಮುಳುಗಲಿ ಅಂತಲೇ ಕಟ್ಟಿರುತ್ತಾರೆ. ಪ್ಯಾರಿಸ್‌ನಲ್ಲಿ ಅಲ್ಮಾ ಸೇತುವೆಯ ಕಂಬಕ್ಕೆ ಜುವಾವ್ ಅನ್ನುವ ಸೈನಿಕನ ಕಲ್ಲಿನ ಮೂರ್ತಿ ಇದೆ. ಸೇನ್ ನದಿ ಏರಿದಾಗ ಊರಿನವರು ಕೇಳುವುದು ನೀರು ಜುವಾವ್‌ನ ಎಲ್ಲಿಗೆ ಬಂತು ಅಂತ. 1910ರ ಮಹಾನೆರೆಯಲ್ಲಿ ಭುಜದವರೆಗೆ ಬಂದಿತ್ತು, ಆಗ ಅಳತೆಕೋಲಿನಲ್ಲಿ 8.62 ಮೀಟರ್. ಅದೇ ಊರಿನಲ್ಲಿ ಬಲದಂಡೆಯ ವೇಗದ ರಸ್ತೆಯನ್ನು 2016ರಲ್ಲಿ ಕಾರುಗಳಿಗೆ ಮುಚ್ಚಿ ನಡೆಯುವವರಿಗೂ ಸೈಕಲ್‌ಗೂ ಬಿಟ್ಟರು. 2018ರ ಜನವರಿಯಲ್ಲಿ ಅದೆಲ್ಲ ನೀರಿನಡಿ ಇತ್ತು. ನೀರು ಇಳಿದ ಮೇಲೆ ತೊಳೆದು ಮತ್ತೆ ತೆರೆದರು.

ನೀರಿನ ಜೊತೆ ದಾರಿಯೂ ಏರಿಳಿಯಲಿ ಅಂತ ತೇಲುವ ದಾರಿ ಮಾಡಿದ ಊರುಗಳೂ ಇವೆ. ಪೋರ್ಟ್‌ಲ್ಯಾಂಡ್‌ನಲ್ಲಿ 2001ರಲ್ಲಿ ತೆರೆದ ಪೂರ್ವದಂಡೆಯ ದಾರಿಯಲ್ಲಿ ಸುಮಾರು 365 ಮೀಟರ್ ಭಾಗ ತೇಲುತ್ತದೆ. ಬ್ರಿಸ್ಬೇನ್‌ನಲ್ಲೂ 2003ರಲ್ಲಿ ಹಾಗೇ ಮಾಡಿದ್ದರು. 2011ರ ಜನವರಿಯ ನೆರೆ ಅದನ್ನು ಕಿತ್ತುಕೊಂಡು ಹೋಯಿತು. ಕಾಂಕ್ರೀಟಿನ ದೊಡ್ಡ ತುಂಡೊಂದು ಸೇತುವೆಗಳ ಕಡೆ ತೇಲಿ ಬರುತ್ತಿದ್ದಾಗ ಒಂದು ಚಿಕ್ಕ ಟಗ್ ದೋಣಿ ಅದನ್ನು ತಳ್ಳಿ, ತಿರುಗಿಸಿ, ಸೇತುವೆಗೆ ಬಡಿಯದಂತೆ ಸಮುದ್ರದ ಕಡೆ ಸಾಗಿಸಿತು. ಎರಡುಚಕ್ರ ಅವರು ಹೇಳಿದ ಈಗಿನ ದಾರಿ 2014ರದ್ದು, ನದಿತಳಕ್ಕೆ ಇಳಿಸಿದ ಕಂಬಗಳ ಮೇಲಿದೆ.

ಹೊರಡುವವರು ಮಾಡಬೇಕಾದ್ದು ಏನೆಂದರೆ, ನಿಮ್ಮ ಊರಿನ ಮಳೆ ಮಾತ್ರ ನೋಡಬೇಡಿ. ಮೇಲಿನ ಕಣಿವೆಯಲ್ಲಿ ಮಳೆ ಬಿದ್ದಿದ್ದರೆ, ಅಥವಾ ಮೇಲಿನ ಅಣೆಕಟ್ಟಿನ ಬಾಗಿಲು ತೆರೆದಿದ್ದರೆ, ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. ಗೋಡೆಯ ಮೇಲೆ ಕೆಸರಿನ ಗೆರೆ, ಪೊದೆಗೆ ಸಿಕ್ಕಿಕೊಂಡ ಪ್ಲಾಸ್ಟಿಕ್, ಕಸ ಎಷ್ಟು ಎತ್ತರದಲ್ಲಿದೆ ನೋಡಿ. ಹಿಂದಿನ ನೆರೆ ಎಲ್ಲಿಗೆ ಬಂದಿತ್ತು ಅಂತ ಅದೇ ಹೇಳುತ್ತದೆ. ನೀರು ಇಳಿದ ಮರುದಿನ ಹೂಳು ತೆಳ್ಳಗೆ ಹರಡಿ ಜಾರುತ್ತದೆ. ಸೇತುವೆ ಕೆಳಗಿನ ನುಸುಳುದಾರಿಯಲ್ಲಿ ಅದು ಒಣಗುವುದು ಎಲ್ಲಕ್ಕಿಂತ ತಡ. ಮುಚ್ಚಿದೆ ಅಂತ ಅಡ್ಡಪಟ್ಟಿ ಹಾಕಿದ್ದರೆ ಅದರ ಪಕ್ಕದಿಂದ ನುಸುಳಬೇಡಿ, ದಯವಿಟ್ಟು. ಮಂಡಿಯಷ್ಟು ಓಡುವ ನೀರು ಮನುಷ್ಯನನ್ನು ಬೀಳಿಸಲು ಸಾಕು.

ಹಸಿರಂಚು:
ನೀರಳತೆ ಸರ್ ಹೇಳಿದ್ದು ಓದಿ ಮನಸ್ಸಿಗೆ ಸಮಾಧಾನವಾಯಿತು. ಇದೇ ಕಾರಣಕ್ಕೆ ನಾನು ಕಾಂಕ್ರೀಟ್ ದಂಡೆಗಳನ್ನು ನೋಡಲು ಹೋಗಿ ಅಂತ ಯಾರಿಗೂ ಹೇಳುವುದಿಲ್ಲ. ಮ್ಯೂನಿಕ್‌ನ ಇಸಾರ್ ನದಿಯಲ್ಲಿ 2000ದಿಂದ 2011ರವರೆಗೆ ಸುಮಾರು 8 ಕಿಲೋಮೀಟರ್ ಉದ್ದಕ್ಕೆ ಹಳೆಯ ಕಟ್ಟುದಂಡೆ ತೆಗೆದು ನದಿಯನ್ನು ಅಗಲ ಮಾಡಿದರು. ಜಲ್ಲಿಯ ದಿಬ್ಬಗಳನ್ನು ನದಿಯೇ ಪ್ರತಿ ನೆರೆಗೂ ಬೇರೆ ಕಡೆ ಸಾಗಿಸುತ್ತದೆ. ನೆರೆಯಿಂದ ರಕ್ಷಣೆಯೂ ಹೆಚ್ಚಾಯಿತು, ಜನ ನೀರಿಗೆ ಇಳಿಯುವಂತೆಯೂ ಆಯಿತು. ಸಿಂಗಪುರದ ಬಿಷಾನ್ ಉದ್ಯಾನದಲ್ಲಿ 2.7 ಕಿಲೋಮೀಟರ್‌ನ ನೇರ ಕಾಂಕ್ರೀಟ್ ಕಾಲುವೆಯನ್ನು ಒಡೆದು 3.2 ಕಿಲೋಮೀಟರ್‌ನ ಅಂಕುಡೊಂಕು ಹೊಳೆ ಮಾಡಿದರು, 2012ರಲ್ಲಿ ತೆರೆದರು. ಮಳೆ ಬಂದರೆ ಸೈರನ್ ಕೂಗುತ್ತದೆ, ಜನ ಮೇಲೆ ಹತ್ತುತ್ತಾರೆ, ಹುಲ್ಲುಗಾವಲೇ ನದಿಯಾಗುತ್ತದೆ. ಆಮೇಲೆ ಅಲ್ಲಿಗೆ ನೀರುನಾಯಿಗಳೂ ಬಂದವು. ಮ್ಯಾಡ್ರಿಡ್ ನದಿದಂಡೆಯ ಹೆದ್ದಾರಿಯನ್ನು ಸುರಂಗಕ್ಕೆ ಇಳಿಸಿ ಮೇಲೆ ಉದ್ಯಾನ ಮಾಡಿತು. ಅದಾದ ಮೇಲೆ 2016ರಲ್ಲಿ ಊರೊಳಗಿನ ಒಡ್ಡುಗಳ ಬಾಗಿಲು ತೆರೆದು ನದಿಗೆ ತನ್ನಷ್ಟಕ್ಕೆ ಹರಿಯಲು ಬಿಟ್ಟಾಗ ಮರಳದಿಬ್ಬ, ಜೊಂಡು, ಹಕ್ಕಿ ಎಲ್ಲ ತಾವಾಗಿ ಬಂದವು.

ಇದಕ್ಕೆ ಎದುರಾಗಿ ಅಹಮದಾಬಾದಿನ ಸಾಬರಮತಿ ನೋಡಿ. ನದಿಯ ಅಗಲವನ್ನು ಒಂದೇ ಅಳತೆಗೆ, 263 ಮೀಟರ್‌ಗೆ ನಿಲ್ಲಿಸಿ ಎರಡೂ ಕಡೆ ಗೋಡೆ ಕಟ್ಟಿದರು. ನೀರು ನರ್ಮದಾ ಕಾಲುವೆಯಿಂದ ಬರುವುದು, ವಾಸಣಾ ಒಡ್ಡು ಅದನ್ನು ಹಿಡಿದಿಟ್ಟಿದೆ. ದಂಡೆಯಲ್ಲಿ ಬದುಕಿದ್ದ ಸಾವಿರಾರು ಕುಟುಂಬಗಳು ಏಳಬೇಕಾಯಿತು.

ಸಂಜೆಮಲ್ಲಿಗೆ:
ಹಸಿರಂಚು ಅವರೇ, ನೀವು ಹೇಳಿದ ಸಂಗತಿಗಳು ನಿಜ, ಎದ್ದುಹೋದವರ ನೋವೂ ನಿಜ. ಆದರೂ ನೋಡಲು ಹೋಗಬೇಡಿ ಅನ್ನುವುದನ್ನು ನಾನು ಒಪ್ಪಲಾರೆ. 2012ರಲ್ಲಿ ಅಲ್ಲಿನ ಕೆಳದಾರಿ ತೆರೆದ ಮೇಲೆ ಆ ಉದ್ದಕ್ಕೂ ವಾಹನದ ಭಯವಿಲ್ಲದೆ ಮಕ್ಕಳು ಸೈಕಲ್ ಕಲಿಯಬಹುದು, ಹೆಂಗಸರು ಗುಂಪಾಗಿ ನಡೆಯಬಹುದು. ಕಿಕ್ಕಿರಿದ ಊರಿನಲ್ಲಿ ಹಾಗೆ ಬಯಲಿಗೆ ಬಂದು ನಿಲ್ಲುವುದು ಎಂಥ ಬಿಡುಗಡೆ ಅಂತ ಅನುಭವಿಸಿದವರಿಗೆ ಗೊತ್ತು. ಇಂಥ ಜಾಗದಲ್ಲಿ ನಡೆಯುವಾಗ ಮೊದಲು ಇಲ್ಲಿ ಯಾರಿದ್ದರು ಅಂತ ಕೇಳಿಕೊಳ್ಳುವುದು ನಮ್ಮ ಕರ್ತವ್ಯ. ಅದನ್ನು ಅಲ್ಲಿಗೆ ಹೋಗಿಯೇ ಕೇಳಬೇಕು.

ವೇಲೆನ್ಸಿಯಾದ ತುರಿಯಾ ನೆನಪಾಗುತ್ತದೆ. 1957ರ ಅಕ್ಟೋಬರ್ ನೆರೆಯ ನಂತರ ನದಿಯನ್ನೇ ಊರಿನ ದಕ್ಷಿಣಕ್ಕೆ ತಿರುಗಿಸಿದರು. ಖಾಲಿಯಾದ ಪಾತ್ರದಲ್ಲಿ ಹೆದ್ದಾರಿ ಮಾಡುವ ಯೋಜನೆ ಇತ್ತು. ಪಾತ್ರ ನಮ್ಮದು, ಅದು ಹಸಿರಾಗಿರಲಿ ಅಂತ ಊರಿನ ಜನ ಹೋರಾಡಿ ಉದ್ಯಾನ ಪಡೆದರು. ಈಗ ಸುಮಾರು 9 ಕಿಲೋಮೀಟರ್ ಹಳೆಯ ಸೇತುವೆಗಳ ಕೆಳಗೆ, ನೀರಿಲ್ಲದ ನದಿಯ ತಳದಲ್ಲೇ ಸೈಕಲ್ ಹೋಗುತ್ತದೆ.

ನೀರಳತೆ:
ತುರಿಯಾದ ಕಥೆಗೆ ಮುಂದಿನ ಅಧ್ಯಾಯವೂ ಸೇರಲಿ. 2024ರ ಅಕ್ಟೋಬರ್ ಕೊನೆಯ ಭೀಕರ ಮಳೆಯಲ್ಲಿ ತಿರುಗಿಸಿದ ಹೊಸ ಕಾಲುವೆ ಊರಿನ ಮಧ್ಯಭಾಗವನ್ನು ಉಳಿಸಿತು. ತೀರಿಕೊಂಡ ನೂರಾರು ಜನರ ಪೈಕಿ ಬಹಳಷ್ಟು ಮಂದಿ ಕಾಲುವೆಯ ಆಚೆ, ದಕ್ಷಿಣದ ಊರುಗಳವರು. ನೆರೆ ಅಲ್ಲಿನ ಬೇರೆ ಹಳ್ಳಗಳಿಂದ ಬಂದದ್ದು. ಒಂದು ಕಡೆ ಸುಂದರ ದಾರಿ ಇದೆ ಅಂದರೆ ನೀರು ಎಲ್ಲಿಗೆ ಹೋಯಿತು ಅಂತಲೂ ನೋಡಬೇಕು.

ಪುಟ್ಟಗಾಲಿ:
ನನ್ನದು ಗಾಲಿಕುರ್ಚಿ. ನಿಮ್ಮೆಲ್ಲರ ಚರ್ಚೆಯಲ್ಲಿ ಇಲ್ಲದ ವಿಷಯ ಇದು: ದಂಡೆಗೆ ಇಳಿಯುವುದು ಹೇಗೆ? ಬಹಳ ಕಡೆ ದಾರಿ ಚೆನ್ನಾಗಿರುತ್ತದೆ, ಆದರೆ ರಸ್ತೆಯಿಂದ ಅಲ್ಲಿಗೆ ಮೆಟ್ಟಿಲು ಮಾತ್ರ. ಇಳಿಜಾರು ಎರಡು ಮೂರು ಕಿಲೋಮೀಟರ್‌ಗೆ ಒಂದು. ಮೋಟರ್‌ಬೈಕ್ ಬರದಿರಲಿ ಅಂತ ಬಾಗಿಲಲ್ಲಿ ನೆಡುವ ಗೂಟಗಳ ನಡುವೆ ನನ್ನ ಕುರ್ಚಿಯೂ ಹೋಗುವುದಿಲ್ಲ, ಮಕ್ಕಳನ್ನು ಕೂರಿಸಿಕೊಳ್ಳುವ ಮೂರುಗಾಲಿಯ ಸೈಕಲ್ಲೂ ಹೋಗುವುದಿಲ್ಲ. ದಾರಿಯ ಬಗ್ಗೆ ಬರೆಯುವವರು ಯಾವ ಸೇತುವೆಯ ಬಳಿ ಇಳಿಜಾರು ಇದೆ, ಶೌಚಾಲಯ ಎಲ್ಲಿ, ಎಲ್ಲಿಂದ ಎಲ್ಲಿಗೆ ಗಟ್ಟಿನೆಲ, ಎಲ್ಲಿಂದ ಜಲ್ಲಿ ಅಂತ ದಯವಿಟ್ಟು ಬರೆಯಿರಿ. ನೋಟ ಚೆನ್ನಾಗಿದೆ ಅಂತ ಬರೆಯುವವರು ಸಾಕಷ್ಟು ಜನ ಇದ್ದಾರೆ.

ನಿಧಾನಗತಿ:
ಪುಟ್ಟಗಾಲಿ ಅವರೇ, ಇನ್ನು ಮುಂದೆ ನಾನು ಬರೆಯುವ ಪ್ರತಿ ದಾರಿಯಲ್ಲೂ ಇದು ಇರುತ್ತದೆ. ಮೇಲೆ ನಾನು ಹೇಳಿದ "ಸೇತುವೆಯಿಂದ ಸೇತುವೆಗೆ" ಅನ್ನುವ ಲೆಕ್ಕವನ್ನು ಇಳಿಜಾರಿನಿಂದ ಇಳಿಜಾರಿಗೆ ಅಂತ ಹಾಕಿದರೆ ಮಗುವಿನ ಗಾಡಿ ತಳ್ಳುವವರಿಗೂ ಮಂಡಿ ನೋವಿನವರಿಗೂ ಅನುಕೂಲ.

ಸಂಜೆಮಲ್ಲಿಗೆ:
ಬೆಳಕಿನ ಬಗ್ಗೆಯೂ ಯಾರಾದರೂ ಹೇಳಿ. ಕತ್ತಲಾದ ಮೇಲೆ ದಂಡೆಯ ದಾರಿ ಹೆಂಗಸರಿಗೆ ಮುಚ್ಚಿದ ಹಾಗೆಯೇ. ದೀಪ ಬೇಕು ಅಂದರೆ ಜೀವಿಗಳಿಗೆ ತೊಂದರೆ ಅನ್ನುತ್ತಾರೆ.

ಹಸಿರಂಚು:
ಎರಡೂ ನಿಜ, ಎರಡಕ್ಕೂ ದಾರಿ ಇದೆ. ನೀರಿನ ಮೇಲ್ಮೈಗೆ ತಾಗುವಷ್ಟು ಕೆಳಗೆ ಹಾರಿ ಹುಳ ಹಿಡಿಯುವ ಬಾವಲಿಗಳು ಬೆಳಕು ಬಿದ್ದ ನೀರಿನ ಕಡೆ ಬರುವುದಿಲ್ಲ. ಹಾಗಾಗಿ ಎತ್ತರದ ಕಂಬದ ಬಿಳಿ ದೀಪ ಬೇಡ. ಗಿಡ್ಡ ಕಂಬ, ಹಳದಿ ಬೆಳಕು, ನೆಲಕ್ಕೆ ಮಾತ್ರ ಬೀಳುವಂತೆ ಮುಚ್ಚಳ, ನೀರಿನ ಕಡೆಗೆ ಮರೆ ಇದ್ದರೆ ಸಾಕು. ಆದರೆ ದೀಪ ಒಂದರಿಂದಲೇ ಧೈರ್ಯ ಬರುವುದಿಲ್ಲ ಮೇಡಂ. ರಸ್ತೆಯಿಂದ ದಂಡೆ ಕಾಣುವಂತಿರಬೇಕು, ಹೊರಗೆ ಬರಲು ಅಲ್ಲಲ್ಲಿ ಬಾಗಿಲಿರಬೇಕು. ಉದ್ದದ ಗೋಡೆಯ ಪಕ್ಕ, ಹೊರದಾರಿಯೇ ಇಲ್ಲದ ಕಡೆ ಸಂಜೆ ಒಬ್ಬರೇ ಹೋಗುವುದು ಬೇಡ.

ಹೊಳೆಬದಿ:
ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ನಮಸ್ಕಾರ. ಹೊಸಬರಿಗೆ ನಾನು ಹೇಳುವುದು ಈಗ ಹೀಗೆ: ಬೆಳಿಗ್ಗೆ ಬೇಗ, ದಾರಿಯಲ್ಲಿ ಜನ ತುಂಬುವ ಮೊದಲು, ಎದುರುಗಾಳಿಯ ಕಡೆಗೆ ಸೈಕಲ್‌ನಲ್ಲಿ ಪೂರ್ತಿ ಉದ್ದ ಹೋಗಿ ಬನ್ನಿ. ಮನಸ್ಸು ಹಿಡಿದ ತಿರುವನ್ನು ಗುರುತು ಹಾಕಿಕೊಳ್ಳಿ. ಸಂಜೆ ಸೈಕಲ್ ಬಿಟ್ಟು ಆ ಒಂದು ತಿರುವಿಗೆ ನಡೆದು ಹೋಗಿ. ಜನ ಹೆಚ್ಚಿರುವ ಹೊತ್ತಿನಲ್ಲಿ ನೀವೂ ನಡೆಯುವವರ ಜೊತೆ ಇರುತ್ತೀರಿ, ಬೆಳಗಿನ ನಡಿಗೆ ಸರ್ ಅವರ ಆತಂಕಕ್ಕೂ ನಮ್ಮ ಕಡೆಯಿಂದ ಅಷ್ಟು ಸಮಾಧಾನ.

ಒಂದು ಉಳಿದಿದೆ. ಸಮುದ್ರಕ್ಕೆ ಹತ್ತಿರದ ಊರಾದರೆ ನದಿಯಲ್ಲಿ ಉಬ್ಬರ ಇಳಿತ ಇರುತ್ತದಲ್ಲ, ಆಗ ಈ ಲೆಕ್ಕ ಬದಲಾಗುತ್ತದಾ?

ನೀರಳತೆ:
ಬದಲಾಗುತ್ತದೆ. ಥೇಮ್ಸ್ ನದಿಯಲ್ಲಿ ಟೆಡಿಂಗ್ಟನ್‌ವರೆಗೂ ಉಬ್ಬರ ಹತ್ತುತ್ತದೆ, ಲಂಡನ್ನಿನ ನಡುವೆ ಏರಿಳಿತ 7 ಮೀಟರ್‌ವರೆಗೂ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದೊಡ್ಡ ಉಬ್ಬರದಲ್ಲಿ ರಿಚ್ಮಂಡ್ ಕಡೆ ದಂಡೆಯ ದಾರಿ ಮಳೆ ಇಲ್ಲದೆಯೂ ಮುಳುಗುತ್ತದೆ. ಉಬ್ಬರದ ಪಟ್ಟಿ ಮೊದಲೇ ಪ್ರಕಟವಾಗಿರುತ್ತದೆ. ದಿನದಿಂದ ದಿನಕ್ಕೆ ಸಮಯ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ನಿನ್ನೆಯ ಸಮಯ ನಂಬಬೇಡಿ. ಇಳಿತ ಶುರುವಾದ ಮೇಲೆ ಹೊರಟರೆ ದಾರಿ ತೆರೆಯುತ್ತಾ ಹೋಗುತ್ತದೆ, ಕೆಸರುದಂಡೆ ಬಯಲಾಗಿ ಹಕ್ಕಿಗಳೂ ಆಗಲೇ ಇಳಿಯುತ್ತವೆ. ಕೆಸರಿನ ಮೇಲೆ ಮಾತ್ರ ಕಾಲಿಡಬೇಡಿ, ಮೇಲೆ ಗಟ್ಟಿ ಕಂಡರೂ ಒಳಗೆ ಹೂತುಹೋಗುತ್ತದೆ.